ಸುದ್ದಿಯ ವಿದ್ಯೆಗೆ ಒಂದು ಅಳತೆಗೋಲು

ಮನುಷ್ಯನು ತನ್ನ ಕಣ್ಣಿನಿಂದಲೇ ಕಂಡು ತಿಳಿಯುವ ಸಂಗತಿಗಳು ಕೆಲವೇ. ಮತ್ತೊಬ್ಬರು ಹೇಳಿದ್ದನ್ನು ಕೇಳಿ ತಿಳಿಯುವವು ಅಸಂಖ್ಯ. ಮಾರಿಕಣಿವೆಯ ಜಲಾಶಯದಲ್ಲಿ ಇಂದು ಎಷ್ಟು ನೀರಿದೆ, ಕೊಬ್ಬರಿಯ ಧಾರಣೆ ಏರಿತೇ ಇಳಿಯಿತೇ, ಕೊಳವೆ ಬಾವಿಯ ನೀರು ಕುಡಿಯಲು ಯೋಗ್ಯವೇ, ಬರಲಿರುವ ಗ್ರಹಣದಿಂದ ಗರ್ಭಿಣಿಗೆ ಅಪಾಯವುಂಟೇ—ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಒಂದು ಊರಿನಲ್ಲಿ ಈ ಪ್ರಶ್ನೆಗಳಿಗೆ ತಾವಾಗಿಯೇ ಉತ್ತರ ಕಂಡುಕೊಳ್ಳಬಲ್ಲವರು ಎಷ್ಟು ಮಂದಿ? ಪತ್ರಿಕೆ ಹೇಳಿದಂತೆ, ಬಾನುಲಿ ಹೇಳಿದಂತೆ, ಈಗ ಮುಖ್ಯವಾಗಿ ಅಂಗೈಯಲ್ಲಿರುವ ಮೊಬೈಲು ಹೇಳಿದಂತೆ ನಡೆಯುವುದೊಂದೇ ಅವರಿಗೆ ಉಳಿದಿರುವ ದಾರಿ. ಅವರು ಕುಡಿಯುವ ನೀರು, ಬಿತ್ತುವ ಬೀಜ, ಮಗುವಿಗೆ ಹಾಕಿಸುವ ಲಸಿಕೆ ಎಲ್ಲವೂ ಯಾರೋ ಒಬ್ಬನು ಬರೆದ ನಾಲ್ಕು ಸಾಲುಗಳನ್ನು ನಂಬಿ ನಡೆಯುತ್ತವೆ.

ಹೀಗಿರುವಾಗ ಸುದ್ದಿಯನ್ನು ಸಿದ್ಧಪಡಿಸುವವನ ಕಸುಬು ಔಷಧವನ್ನು ಸಿದ್ಧಪಡಿಸುವವನ ಕಸುಬಿನಷ್ಟೇ ಹೊಣೆಗಾರಿಕೆಯದು ಎಂಬುದನ್ನು ಒಪ್ಪಲೇಬೇಕು. ಔಷಧವನ್ನು ಬೆರೆಸುವವನಿಗೆ ತಕ್ಕಡಿ ಹಿಡಿಯುವುದನ್ನು ಕಲಿಸದೆ ನಾವು ಪದವಿ ಕೊಡುವುದಿಲ್ಲ. ಸುದ್ದಿಯನ್ನು ಬೆರೆಸುವವನಿಗೆ ಮಾತ್ರ ತಕ್ಕಡಿಯ ಪರಿಚಯವೇ ಇಲ್ಲದೆ ಪದವಿ ದೊರೆಯುತ್ತಿದೆ. ಮಾಧ್ಯಮ ಮತ್ತು ಸಂವಹನದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾನಿಲಯವು ಒಂದು ಆನರ್ಸ್ ತರಗತಿಯನ್ನು ಏರ್ಪಡಿಸುವುದಾದರೆ ಅದರ ತಿರುಳು ಈ ತಕ್ಕಡಿಯ ವಿದ್ಯೆಯಾಗಿರಬೇಕು ಎಂಬುದು ಈ ಲೇಖನದ ವಾದ.

ಭೌತವಿಜ್ಞಾನವನ್ನು ಬೋಧಿಸುವವನೊಬ್ಬನು ಪತ್ರಿಕೋದ್ಯಮದ ಪಠ್ಯಕ್ರಮದಲ್ಲಿ ತಲೆಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನಾಡಿನ ಚರಿತ್ರೆಯನ್ನು ನೋಡಿದರೆ ಈ ಎರಡು ವಿದ್ಯೆಗಳು ಬೇರೆಬೇರೆಯಾದದ್ದು ಈಚೆಗೆ ಎಂಬುದು ಕಂಡುಬರುತ್ತದೆ. 1918ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿ, ಮುಂದೆ ದೇಶವೆಲ್ಲ ಬಳಸಿದ 'ಆಕಾಶವಾಣಿ' ಎಂಬ ಹೆಸರಿನಿಂದ ಅದನ್ನು ನಡೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಒಯ್ದ ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಸೇರಿದ್ದವು. ಅಲ್ಲಿ ಇಂಜಿನಿಯರನೂ ಕಾರ್ಯಕ್ರಮ ರಚಿಸುವವನೂ ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡಿದರು. ಆದುದರಿಂದ ನಾನು ಹೇಳಹೊರಟಿರುವುದು ಹೊಸ ಮಾತಲ್ಲ, ಮರೆತ ಮಾತು.

ಈಗಿನ ಸ್ಥಿತಿಗೆ ಬರೋಣ. ಕರ್ನಾಟಕದಲ್ಲಿ ಪತ್ರಿಕೋದ್ಯಮವನ್ನು ವಿಶ್ವವಿದ್ಯಾನಿಲಯದ ವಿಷಯವಾಗಿ ಮೊದಲು ಬೋಧಿಸತೊಡಗಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, 1951ರಲ್ಲಿ. ನಾಡಿಗ ಕೃಷ್ಣಮೂರ್ತಿಯವರು ಆ ವಿಭಾಗವನ್ನು ಬೆಳೆಸಿದರು. ಅಂದಿನಿಂದ ಈ ವಿಷಯ ಹಲವು ವಿಶ್ವವಿದ್ಯಾನಿಲಯಗಳಿಗೂ, ಅವುಗಳ ಅಧೀನದ ಕಾಲೇಜುಗಳಿಗೂ ಹರಡಿದೆ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಸೇರಿರುವ ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಸ್ಥಾಪಿತವಾಯಿತು. ಅಲ್ಲಿಯೂ ಸ್ನಾತಕೋತ್ತರ ಪತ್ರಿಕೋದ್ಯಮ ವಿಭಾಗ ಉಂಟು. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವನ್ನೂ ಓದಿದರೆ ಆನರ್ಸ್ ಎಂಬ ವ್ಯವಸ್ಥೆ ಆಗ ಬಂದಿತು. ಮೂರು ತಂಡಗಳು ಅದರಲ್ಲಿ ಸೇರಿದ ಮೇಲೆ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ, 2024ರ ಮೇ ತಿಂಗಳಿನಲ್ಲಿ ಸರ್ಕಾರವು 2024–25ನೆಯ ಸಾಲಿನಿಂದ ಮೂರು ವರ್ಷದ ಪದವಿಗೇ ಹಿಂತಿರುಗುವುದಾಗಿ ಆಜ್ಞೆ ಮಾಡಿತು.

ಈ ಏರಿಳಿತದ ಗದ್ದಲದಲ್ಲಿ ನಡೆದ ಚರ್ಚೆಯೆಲ್ಲ ವರ್ಷಗಳ ಲೆಕ್ಕದ ಸುತ್ತಲೇ ಸುತ್ತಿತು: ಮೂರೋ, ನಾಲ್ಕೋ? ನಾಲ್ಕನೆಯ ವರ್ಷಕ್ಕೆ ಕೊಠಡಿಗಳಿಲ್ಲ, ಅಧ್ಯಾಪಕರಿಲ್ಲ, ಬಡವರ ಮಕ್ಕಳು ಇನ್ನೊಂದು ವರ್ಷದ ವೆಚ್ಚವನ್ನು ತಾಳಲಾರರು ಎಂಬ ಆಕ್ಷೇಪಣೆಗಳಲ್ಲಿ ಸತ್ಯವಿದ್ದಿತು. ಆದರೆ ಆ ಹೆಚ್ಚಿನ ವರ್ಷದಲ್ಲಿ ಏನನ್ನು ಕಲಿಸಬೇಕು, ಅದನ್ನು ಕಲಿತವನು ಕಲಿಯದವನಿಗಿಂತ ಯಾವ ಕೆಲಸವನ್ನು ಮೇಲಾಗಿ ಮಾಡಬಲ್ಲನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಆನರ್ಸ್ ಎಂಬುದು ಕಾಲದ ಉದ್ದವಲ್ಲ, ಅಭ್ಯಾಸದ ಆಳ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದ ಆನರ್ಸ್ ತರಗತಿಗಳಿಗೆ ಗೌರವ ಬಂದದ್ದು ಆ ಆಳದಿಂದ. ಈ ಪ್ರಶ್ನೆಯನ್ನು ಈಗಲಾದರೂ ಎತ್ತಿಕೊಳ್ಳುವುದು ಲೇಸು.

ಸುದ್ದಿಯ ವಿದ್ಯೆಯಲ್ಲಿ ಇಂದು ಕೊರತೆಯಾಗಿರುವುದೇನು? ಕೆಲವು ನಿದರ್ಶನಗಳನ್ನು ನೋಡೋಣ.

1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ವ್ಯಾಪಿಸಿ ಹೊರದೇಶಗಳಿಗೂ ಹಬ್ಬಿತು. ಚಮಚದ ಅಂಚಿನವರೆಗೂ ತುಂಬಿದ ಹಾಲು ವಿಗ್ರಹವನ್ನು ಮುಟ್ಟಿದೊಡನೆ ಮೇಲ್ಮೈ ಎಳೆತದಿಂದಲೂ ಅಂಟುಬಲದಿಂದಲೂ ಹೊರಕ್ಕೆ ಸೆಳೆಯಲ್ಪಟ್ಟು, ತೆಳುವಾದ ಪೊರೆಯಾಗಿ ವಿಗ್ರಹದ ಮೈಮೇಲೆ ಇಳಿದುಹೋಗುತ್ತದೆ. ಹಾಲಿಗೆ ಬಣ್ಣ ಬೆರೆಸಿ ದೆಹಲಿಯಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು. ಹೀಗೆ ತೋರಿಸುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿರಲಿಲ್ಲ; ಒಂದು ಚಿಟಿಕೆ ಕುಂಕುಮವಿದ್ದರೆ ಸಾಕಾಗಿತ್ತು. ಸುದ್ದಿಗಾರನ ಬಳಿ ಇಲ್ಲದೆ ಹೋದದ್ದು ಉಪಕರಣವಲ್ಲ, 'ಹಾಲು ಎಲ್ಲಿಗೆ ಹೋಯಿತು?' ಎಂಬ ಪ್ರಶ್ನೆ.

ಆ ದಿನದ ಹಾನಿ ಒಂದಿಷ್ಟು ಹಾಲು ಮಾತ್ರ ಎನ್ನಬಹುದು. ಆದರೆ 2018ರ ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ ನಡೆದದ್ದನ್ನು ಹಾಗೆ ಮರೆಯಲಾಗದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೈದರಾಬಾದಿನಿಂದ ಸ್ನೇಹಿತರೊಡನೆ ಬಂದಿದ್ದ ಒಬ್ಬ ಯುವ ಇಂಜಿನಿಯರನು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡನು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಘೋಷಿಸಿತು. ಸುದ್ದಿಯ ವೇಗಕ್ಕೆ ಅಣೆ ಕಟ್ಟಿದ್ದು ಒಳ್ಳೆಯದೇ. ಆದರೆ ಸುದ್ದಿಯ ಶುದ್ಧಿಯನ್ನು ನೋಡಿಕೊಳ್ಳಬೇಕಾದವರು ಯಾರು?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಂದು ಕಲಬುರಗಿಯ ಸಮೀಪದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸಂಗತಿ ವರದಿಯಾಯಿತು. ಗ್ರಹಣದ ಕಾಲದಲ್ಲಿ ಹಾಗೆ ಮಾಡಿದರೆ ಅಂಗವೈಕಲ್ಯ ನೀಗುವುದೆಂಬುದು ಆ ತಾಯಿತಂದೆಗಳ ನಂಬಿಕೆ. ಅವರನ್ನು ಹಳಿಯುವುದು ಸುಲಭ. ಗ್ರಹಣದ ದಿನ ಬೆಳಗಿನಿಂದ ಸಂಜೆಯವರೆಗೆ ದೂರದರ್ಶನದ ಎಷ್ಟೋ ವಾಹಿನಿಗಳಲ್ಲಿ ರಾಶಿಫಲವೇ ನಡೆಯುತ್ತಿದ್ದರೆ, ಅವರಿಗೆ ಬೇರೆ ಮಾತನ್ನು ಹೇಳಿದವರು ಯಾರು? ನಮ್ಮ ಸಂವಿಧಾನದ 51ಎ ವಿಧಿಯು 1976ರ ತಿದ್ದುಪಡಿಯ ತರುವಾಯ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರುತ್ತದೆ. ಪ್ರಜೆಗಳೆಲ್ಲರೊಡನೆ ಪ್ರತಿದಿನವೂ ಮಾತನಾಡುವವನಿಗೆ ಈ ಕರ್ತವ್ಯ ಎರಡು ಪಾಲು ಎಂದರೆ ತಪ್ಪಾಗದು.

ಈ ಮೂರು ನಿದರ್ಶನಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೂರು ಕಡೆಗಳಲ್ಲಿಯೂ ಕೊರತೆಯಾದದ್ದು ಕ್ಯಾಮರಾ ಅಲ್ಲ, ಕಂಪ್ಯೂಟರ್ ಅಲ್ಲ, ಸುಂದರವಾದ ಸ್ಟುಡಿಯೊ ಅಲ್ಲ. ಆದರೂ ಮಾಧ್ಯಮ ಶಿಕ್ಷಣದ ಸುಧಾರಣೆಯೆಂದೊಡನೆ ನಾವು ಮೊದಲು ಕೊಳ್ಳಹೊರಡುವುದು ಇವುಗಳನ್ನೇ. ಯಂತ್ರದ ಗುಂಡಿಯನ್ನು ಒತ್ತುವುದನ್ನು ಈಗಿನ ಹುಡುಗರು ನಮ್ಮ ನೆರವಿಲ್ಲದೆಯೇ ಕಲಿಯುತ್ತಾರೆ. ಇಂದು ಕಲಿತ ಯಂತ್ರ ಐದು ವರ್ಷಗಳಲ್ಲಿ ಹಳತಾಗುತ್ತದೆ. ಹಳತಾಗದೆ ಉಳಿಯುವುದು ಪ್ರಶ್ನೆ ಕೇಳುವ, ಅಳೆಯುವ, ಸಾಕ್ಷ್ಯವನ್ನು ತೂಗುವ, ತಿಳಿದುದನ್ನು ತಿಳಿಯಾದ ಕನ್ನಡದಲ್ಲಿ ಹೇಳುವ ಶಕ್ತಿ. ಆನರ್ಸ್ ತರಗತಿಯ ನಾಲ್ಕು ಕಂಬಗಳು ಇವೇ ಆಗಿರಬೇಕು.

ಇಂಥ ತರಗತಿಯ ರೂಪರೇಖೆಯನ್ನು ಇನ್ನು ವಿವರಿಸುತ್ತೇನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ಟುಗಳು, ನಾಲ್ಕು ವರ್ಷದ ಆನರ್ಸಿಗೆ 160. ಎಂದರೆ ನಾಲ್ಕನೆಯ ವರ್ಷದ ಬೆಲೆ 40. ನನ್ನ ಸಲಹೆಯೆಂದರೆ, ನಾಲ್ಕನೆಯ ವರ್ಷವನ್ನು ಸದ್ಯಕ್ಕೆ ಬದಿಗಿಟ್ಟು, ಇಚ್ಛೆಯುಳ್ಳ ವಿದ್ಯಾರ್ಥಿಗಳಿಗೆ ಮೂರು ವರ್ಷದ ಪದವಿಯ ಒಳಗೇ 20 ಕ್ರೆಡಿಟ್ಟುಗಳ ಒಂದು ಆನರ್ಸ್ ವಿಭಾಗವನ್ನು ಏರ್ಪಡಿಸುವುದು. ಮೊದಲ ವರ್ಷ ಕಳೆದ ಮೇಲೆ ಉಳಿಯುವ ನಾಲ್ಕು ಸೆಮಿಸ್ಟರುಗಳಿಗೆ ಇದನ್ನು ಹಂಚಿದರೆ ಒಂದೊಂದಕ್ಕೆ 5 ಬರುತ್ತದೆ: ಮೂರು ಕ್ರೆಡಿಟ್ಟಿನ ಪಾಠಕ್ಕೆ ವಾರಕ್ಕೆ 3 ಗಂಟೆ, ಎರಡು ಕ್ರೆಡಿಟ್ಟಿನ ಪ್ರಯೋಗಕ್ಕೆ 4 ಗಂಟೆ. ವಾರಕ್ಕೆ ಒಟ್ಟು 7 ಗಂಟೆಗಳ ಹೆಚ್ಚಿನ ದುಡಿಮೆ ಆಸಕ್ತಿಯುಳ್ಳವನಿಗೆ ಭಾರವಲ್ಲ. ಮನೆಯವರಿಗೆ ಇನ್ನೊಂದು ವರ್ಷದ ಹೊರೆಯೂ ಇಲ್ಲ.

ಮೊದಲನೆಯ ಸೆಮಿಸ್ಟರಿನ ವಿಷಯ ಎಣಿಕೆ ಮತ್ತು ಅಳತೆ. ಇದು ಗಣಿತದ ಪರೀಕ್ಷೆಯಲ್ಲ. ಸುದ್ದಿಯೊಳಗೆ ಅಡಗಿರುವ ಸಂಖ್ಯೆಯನ್ನು ಬಿಡಿಸಿ ನೋಡುವ ಅಭ್ಯಾಸ. ಒಂದು ಊರಿನಲ್ಲಿ ಒಂಬತ್ತು ಮನೆಗಳ ತಿಂಗಳ ವರಮಾನ ಹತ್ತು ಹತ್ತು ಸಾವಿರ ರೂಪಾಯಿ, ಹತ್ತನೆಯ ಮನೆಯದು 2,10,000 ಎಂದಿಟ್ಟುಕೊಳ್ಳೋಣ. ಸರಾಸರಿ 30,000 ಆಗುತ್ತದೆ. ಲೆಕ್ಕ ಸರಿಯೇ, ಆದರೆ ಮೂವತ್ತು ಸಾವಿರ ವರಮಾನವಿರುವ ಮನೆ ಆ ಊರಿನಲ್ಲಿ ಒಂದೂ ಇಲ್ಲ! ಶಾಲೆಯೊಂದರ ಫಲಿತಾಂಶ ಶೇಕಡ 50ರಿಂದ 60ಕ್ಕೆ ಏರಿದರೆ ಅದನ್ನು ಶೇಕಡ 10ರ ಏರಿಕೆಯೆಂದು ಬರೆಯಬೇಕೇ, 20ರ ಏರಿಕೆಯೆಂದು ಬರೆಯಬೇಕೇ? ಹತ್ತು ಅಂಶಗಳ ಏರಿಕೆ, ಹಿಂದಿದ್ದುದರ ಶೇಕಡ 20ರ ಏರಿಕೆ—ಎರಡೂ ನಿಜವೇ, ಆದರೆ ಎರಡೂ ಒಂದೇ ಅಲ್ಲ. ಯಾವುದೋ ಪದಾರ್ಥವನ್ನು ತಿಂದರೆ ಒಂದು ರೋಗದ ಸಂಭವ ಇಮ್ಮಡಿಯಾಗುತ್ತದೆಂಬ ತಲೆಬರಹ ಓದಿದವನ ಎದೆ ನಡುಗುತ್ತದೆ. ಹತ್ತು ಸಾವಿರದಲ್ಲಿ ಒಬ್ಬನಿಗಿದ್ದ ಸಂಭವ ಇಬ್ಬರಿಗಾಯಿತೆಂದು ಬರೆದಿದ್ದರೆ ಅವನು ನಿಧಾನವಾಗಿ ಯೋಚಿಸುತ್ತಿದ್ದನು.

ನಮ್ಮ ಸೀಮೆಯ ಉದಾಹರಣೆಯನ್ನೇ ಕೊಡಬೇಕೆಂದರೆ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. ವೇದಾವತಿ ನದಿಗೆ ಅಡ್ಡವಾಗಿ 1897ರಿಂದ 1907ರವರೆಗೆ ಕಟ್ಟಿದ ಈ ಜಲಾಶಯ, 1933ರ ಬಳಿಕ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಇದರ ಪೂರ್ಣ ಮಟ್ಟ 130 ಅಡಿ, ಧಾರಣಶಕ್ತಿ ಸುಮಾರು 30.42 ಟಿಎಂಸಿ. ನೀರು 65 ಅಡಿಗೆ ಬಂದಾಗ ಜಲಾಶಯ ಅರ್ಧ ತುಂಬಿತೆಂದು ಬರೆಯಬಹುದೇ? ಬರೆಯಕೂಡದು. ಕಣಿವೆಯ ತಳ ಕಿರಿದು, ಮೇಲೆ ಹೋದಂತೆ ಅಗಲ. ತಲೆಕೆಳಗಾಗಿ ನಿಲ್ಲಿಸಿದ ಶಂಕುವಿನ ಆಕಾರದ ಪಾತ್ರೆಯಲ್ಲಿ ಅರ್ಧ ಎತ್ತರದವರೆಗೆ ನೀರು ನಿಂತರೆ ಅದು ಪೂರ್ಣ ನೀರಿನ ಎಂಟನೆಯ ಒಂದು ಪಾಲು ಮಾತ್ರ. ಜಲಾಶಯ ನಿಜವಾದ ಶಂಕುವಲ್ಲ, ಆದರೂ ನೀತಿ ಅದೇ: ಅಡಿಯ ಲೆಕ್ಕ ನೀರಿನ ಲೆಕ್ಕವಲ್ಲ. ಕಾಲುವೆಗೆ ನೀರು ಬಿಡುವರೋ ಇಲ್ಲವೋ ಎಂದು ಕಾದಿರುವ ರೈತನಿಗೆ ಬೇಕಾದದ್ದು ಎರಡನೆಯ ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು ಎಂಬುದನ್ನು ಸುದ್ದಿಗಾರನು ಒಮ್ಮೆಯಾದರೂ ತಾನೇ ಗುಣಿಸಿ ನೋಡಿರಬೇಕು.

ಎರಡನೆಯ ಸೆಮಿಸ್ಟರಿನಲ್ಲಿ ಸಾಧನಗಳ ತತ್ತ್ವ. ತಾನು ಬಳಸುವ ಉಪಕರಣ ಹೇಗೆ ಕೆಲಸಮಾಡುತ್ತದೆಂಬುದನ್ನು ತಿಳಿಯದವನು ಅದು ತನ್ನನ್ನು ಹೇಗೆ ವಂಚಿಸಬಲ್ಲದೆಂಬುದನ್ನೂ ತಿಳಿಯಲಾರನು. ದೂರದ ವಸ್ತುವನ್ನು ಸಮೀಪಕ್ಕೆ ತರುವ ಮಸೂರದಿಂದ ಚಿತ್ರ ತೆಗೆದರೆ ನಡುವೆ ಅಂತರವಿದ್ದ ಜನ ಒತ್ತೊತ್ತಾಗಿ ನಿಂತಂತೆ ಕಾಣುತ್ತಾರೆ. ಚಿಕ್ಕ ಸಭೆ ಮಹಾಸಭೆಯಾಗುತ್ತದೆ. ಇದು ಬೆಳಕಿನ ಪಾಠ. ಹತ್ತು ಕೋಟಿ ಹರ್ಟ್ಸ್ ಆವರ್ತಾಂಕದ ಎಫ್‌ಎಂ ಅಲೆಯ ಉದ್ದ ಮೂರು ಮೀಟರು, ಹತ್ತು ಲಕ್ಷ ಹರ್ಟ್ಸಿನ ಮಧ್ಯಮ ತರಂಗದ ಉದ್ದ ಮುನ್ನೂರು ಮೀಟರು. ಉದ್ದದ ಅಲೆ ನೆಲವನ್ನು ಅನುಸರಿಸಿ ದೂರ ಸಾಗುತ್ತದೆ. ಗಿಡ್ಡ ಅಲೆಗೆ ಗುಡ್ಡ ಅಡ್ಡವಾಗುತ್ತದೆ. ಚಿತ್ರದುರ್ಗದ ಸುತ್ತಲಿನ ಕಲ್ಲುಬೆಟ್ಟಗಳ ಹಿಂದೆ ಬಾನುಲಿಯ ದನಿ ಏಕೆ ಕ್ಷೀಣವಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಒಂದು ಪೆಟ್ಟಿಗೆಯನ್ನು ಹಿಡಿದು ನಡೆದೇ ಅಳೆಯಬಹುದು. ಕೃತಕ ಬುದ್ಧಿಯಿಂದ ದನಿಯನ್ನೂ ಮುಖವನ್ನೂ ಸೃಷ್ಟಿಸುವ ಈ ಕಾಲದಲ್ಲಿ, ಚಿತ್ರವೆಂದರೆ ಸಂಖ್ಯೆಗಳ ಒಂದು ಪಟ್ಟಿ, ಆ ಸಂಖ್ಯೆಗಳನ್ನು ಯಾರು ಬೇಕಾದರೂ ತಿದ್ದಬಹುದು ಎಂಬ ತಿಳಿವಳಿಕೆಯೂ ಈ ಪಾಠಕ್ಕೆ ಸೇರುತ್ತದೆ.

ಮೂರನೆಯದು ಸಾಕ್ಷ್ಯ ಮತ್ತು ಕಾನೂನು. ಈ ಜಿಲ್ಲೆಯಲ್ಲಿಯೇ, ಚಳ್ಳಕೆರೆಯ ಹತ್ತಿರ, ವಿಮಾನಗಳ ಪರೀಕ್ಷಾ ಕ್ಷೇತ್ರವೊಂದಿದೆ. ಅಲ್ಲಿಂದ ಹಾರುವ ಮಾನವರಹಿತ ವಿಮಾನಗಳು 2019ರ ಸೆಪ್ಟೆಂಬರಿನಲ್ಲಿ ಒಮ್ಮೆ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಇನ್ನೊಮ್ಮೆ ಹೊಲಗಳಲ್ಲಿ ಬಿದ್ದವು. ಹೊಲದಲ್ಲಿ ಬಿದ್ದ ವಿಚಿತ್ರ ಯಂತ್ರವನ್ನು ಕಂಡ ಜನ ಮೊದಲು ಕೇಳುವುದು ಅದು ಶತ್ರುವಿನದೇ, ಅದರಲ್ಲಿ ಬಾಂಬು ಇದೆಯೇ ಎಂದು. ಅಂಥ ಗಳಿಗೆಯಲ್ಲಿ ಯಾರನ್ನು ಕೇಳಬೇಕು, ಏನನ್ನು ಖಚಿತವೆಂದು ಬರೆಯಬಹುದು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ಮೊದಲೇ ಅಭ್ಯಾಸ ಮಾಡಿರಬೇಕು. 2023ರ ಏಪ್ರಿಲ್ 2ರಂದು ಇದೇ ಕ್ಷೇತ್ರದಲ್ಲಿ ಇಸ್ರೋ ಸಂಸ್ಥೆಯ ಮರುಬಳಕೆಯ ವಾಹನವು ತಾನಾಗಿಯೇ ರನ್‌ವೇಯ ಮೇಲೆ ಇಳಿಯಿತು. ಅದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಡಲಾಗಿತ್ತು. ಇದು ಹೆಮ್ಮೆಯ ಸಾಧನೆಯೇ. ಆದರೂ 'ಬಾಹ್ಯಾಕಾಶದಿಂದ ಇಳಿಯಿತು' ಎಂದು ಯಾರಾದರೂ ಬರೆದರೆ ಅದು ಸುಳ್ಳು. ಸಾಧನೆಯನ್ನು ಇದ್ದಷ್ಟೇ ಹೇಳುವುದು ಸಾಧಕರಿಗೆ ತೋರುವ ನಿಜವಾದ ಮರ್ಯಾದೆ. ಇದರ ಜೊತೆಗೆ 2005ರ ಮಾಹಿತಿ ಹಕ್ಕಿನ ಶಾಸನ, ಪವಾಡಸದೃಶ ಮದ್ದುಗಳ ಜಾಹೀರಾತನ್ನು ತಡೆಯುವ 1954ರ ಶಾಸನ, ಅಮಾನುಷ ಆಚರಣೆಗಳ ವಿರುದ್ಧ ಕರ್ನಾಟಕವು ಮಾಡಿದ 2017ರ ಶಾಸನ, ಮಾನನಷ್ಟದ ಕಾನೂನು ಇವುಗಳನ್ನು ವಿದ್ಯಾರ್ಥಿಯು ಓದಿಕೊಳ್ಳಬೇಕು. ಒಂದು ಅರ್ಜಿಯನ್ನಾದರೂ ತಾನೇ ಬರೆದು ಉತ್ತರ ತರಿಸಿರಬೇಕು.

ಕೊನೆಯ ಸೆಮಿಸ್ಟರು ಒಂದೇ ಕೆಲಸಕ್ಕೆ ಮೀಸಲು: ಒಬ್ಬ ವಿದ್ಯಾರ್ಥಿ, ಒಂದು ಊರು, ಒಂದು ಪ್ರಶ್ನೆ. ವಿಷಯಗಳಿಗೆ ಇಲ್ಲಿ ಬರಗಾಲವಿಲ್ಲ. ನಮ್ಮ ಜಿಲ್ಲೆಯ ಹಲವು ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಬಿಸಿಲಿನಲ್ಲಿ ದುಡಿಯುವ ಕೂಲಿಕಾರನು ದಿನಕ್ಕೆ 4 ಲೀಟರು ಕುಡಿದರೆ ಅವನ ಹೊಟ್ಟೆಗೆ 12 ಮಿಲಿಗ್ರಾಂ ಹೋಯಿತು. ನೆರಳಿನಲ್ಲಿ ಕುಳಿತು 2 ಲೀಟರು ಕುಡಿಯುವವನಿಗೆ ಅದರ ಅರ್ಧ. ನೀರನ್ನು ಕಾಯಿಸಿ ಕುಡಿಯಿರಿ ಎಂಬ ಉಪದೇಶ ರೋಗಾಣುಗಳ ಮಟ್ಟಿಗೆ ಸರಿ. ಫ್ಲೋರೈಡಿನ ಮಟ್ಟಿಗೆ ತಪ್ಪು. ಕಾಯಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡು ಪಾತ್ರೆಯಲ್ಲಿಯೇ ಉಳಿಯುತ್ತದೆ. ಸಾಂದ್ರತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದ ಒಂದು ವಾಕ್ಯ ಮಕ್ಕಳ ಹಲ್ಲನ್ನೂ ಮೂಳೆಯನ್ನೂ ಕೆಡಿಸಬಲ್ಲದು. ರಸಾಯನ ವಿಭಾಗದ ನೆರವಿನಿಂದ ಒಂದು ಊರಿನ ಬಾವಿಗಳ ನೀರನ್ನು ಪರೀಕ್ಷಿಸಿ, ಶುದ್ಧೀಕರಣ ಘಟಕ ನಡೆಯುತ್ತಿದೆಯೇ ಎಂದು ವಿಚಾರಿಸಿ, ಆ ಊರಿನವರಿಗೆ ಅರ್ಥವಾಗುವಂತೆ ಬರೆದವನಿಗೆ ಆನರ್ಸ್ ಪದವಿ ಸಲ್ಲದೆ ಇನ್ನಾರಿಗೆ ಸಲ್ಲಬೇಕು?

ಮತ್ತೊಂದು ಬಗೆಯ ವಿಷಯ ಮತ್ತೋಡಿನಲ್ಲಿಯೇ ಇದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಊರಿನ ಗಾಜಿನ ಕುಲುಮೆಗಳನ್ನೂ ಬಳೆ ತಯಾರಿಕೆಯನ್ನೂ ವರ್ಣಿಸಿದ್ದಾನೆ. ಸುತ್ತಮುತ್ತಲಿನ ಮಣ್ಣು ಕಲ್ಲುಗಳಿಂದಲೇ ಗಾಜನ್ನು ಕರಗಿಸಿ ನಾಡಿನ ಹೆಂಗಸರ ಕೈಗೆ ಬಳೆ ತೊಡಿಸಿದ ಊರು ಇದು. ಸೌಳು ಮಣ್ಣಿನ ಕ್ಷಾರ ಬೆರೆತಾಗ ಬೆಣಚುಕಲ್ಲು ಕಡಮೆ ಉಷ್ಣದಲ್ಲಿ ಕರಗುವುದೇಕೆ? ಕಬ್ಬಿಣದ ಅಂಶ ಗಾಜಿಗೆ ಹಸಿರು ಛಾಯೆ ಕೊಡುವುದು ಹೇಗೆ? ಆ ಕುಲುಮೆಗಳು ಆರಿದ್ದೇಕೆ, ಆ ಕುಟುಂಬಗಳು ಯಾವ ಕಸುಬಿಗೆ ತಿರುಗಿದವು? ಮೊದಲ ಎರಡು ಪ್ರಶ್ನೆಗಳಿಗೆ ವಿಜ್ಞಾನದವರನ್ನೂ, ಕೊನೆಯದಕ್ಕೆ ಹಳೆಯ ದಾಖಲೆಗಳನ್ನೂ ಊರಿನ ಮುದುಕರನ್ನೂ ಕೇಳಬೇಕು. ಮೂರನ್ನೂ ಸೇರಿಸಿ ಹತ್ತು ಪುಟ ಬರೆಯುವ ಹುಡುಗಿಯು ಪತ್ರಿಕೋದ್ಯಮ, ವಿಜ್ಞಾನ, ಚರಿತ್ರೆ ಈ ಮೂರನ್ನೂ ಒಟ್ಟಿಗೆ ಕಲಿತಂತಾಯಿತು.

ಭಾಷೆಯ ಮಾತನ್ನು ಬೇರೆಯಾಗಿ ಹೇಳಲಿಲ್ಲ. ಏಕೆಂದರೆ ಅದು ಒಂದು ಸೆಮಿಸ್ಟರಿನ ವಿಷಯವಲ್ಲ, ನಾಲ್ಕರಲ್ಲಿಯೂ ಹರಿಯಬೇಕಾದದ್ದು. ಇಲ್ಲಿ ವಿಜ್ಞಾನದ ಅಧ್ಯಾಪಕರಾದ ನಮ್ಮ ವರ್ಗವೂ ಕಲಿಯಬೇಕಾದದ್ದು ಬಹಳವಿದೆ. ನಾವು ಹೇಳುವುದು ಸರಿಯಾಗಿರುತ್ತದೆ, ಆದರೆ ಕೇಳುವವನಿಗೆ ತಲಪುವುದಿಲ್ಲ. ಒಂದು ಪಾರಿಭಾಷಿಕ ಪದದ ಹಿಂದೆ ಅಡಗಿಕೊಂಡರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಓದುಗನ ಕೈಹಿಡಿದು ನಡೆಸುವ ಕಲೆಯನ್ನು ಸುದ್ದಿಗಾರನಿಂದ ನಾವು ಕಲಿಯಬೇಕು. ಆದುದರಿಂದ ಈ ತರಗತಿಯಲ್ಲಿ ಕೊಡುವವರು ಒಬ್ಬರು, ಕೊಳ್ಳುವವರು ಮತ್ತೊಬ್ಬರು ಎಂಬ ಭೇದವಿರಕೂಡದು.

ಪರೀಕ್ಷೆ ಹೇಗೆ? ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದ ಮೊದಲ ದಿನವೇ ವಿದ್ಯಾರ್ಥಿಗಳು ಊರಿಗೆ ಮಾರುವ ನಿಜವಾದ ಪತ್ರಿಕೆಯನ್ನು ಹೊರಡಿಸಿದರು. ಬರೆದದ್ದನ್ನು ಓದುವವರಿದ್ದಾರೆ ಎಂಬ ಭಯಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ನಮ್ಮ ಆನರ್ಸ್ ವಿದ್ಯಾರ್ಥಿಯ ಪ್ರಬಂಧವನ್ನು ಮೂವರು ಪರೀಕ್ಷಿಸಲಿ: ಪತ್ರಿಕೋದ್ಯಮದ ಅಧ್ಯಾಪಕರೊಬ್ಬರು, ಆಯಾ ವಿಷಯವನ್ನು ಬಲ್ಲವರೊಬ್ಬರು, ಆ ಊರಿನ ಓದುಗರೊಬ್ಬರು. ಮೂರನೆಯವರಿಗೆ ಅರ್ಥವಾಗದಿದ್ದರೆ ಪ್ರಬಂಧವು ತಿದ್ದುಪಡಿಗೆ ಹಿಂದಿರುಗಲಿ. ಬರೆದುದರಲ್ಲಿ ತಪ್ಪು ಕಂಡುಬಂದರೆ ಅದನ್ನು ಅದೇ ಗಾತ್ರದ ಅಕ್ಷರಗಳಲ್ಲಿ ತಿದ್ದಿ ಪ್ರಕಟಿಸುವುದೂ ಪರೀಕ್ಷೆಯ ಒಂದು ಭಾಗವಾಗಲಿ.

ಆಕ್ಷೇಪಣೆಗಳು ಇಲ್ಲದಿಲ್ಲ. ಸುದ್ದಿಗಾರನು ವಿಜ್ಞಾನಿಯಾಗಬೇಕಾಗಿಲ್ಲ, ತಜ್ಞರು ಹೇಳಿದ್ದನ್ನು ಬರೆದರೆ ಸಾಕು ಎನ್ನುವವರುಂಟು. ನಿಜ, ಅವನು ವಿಜ್ಞಾನಿಯಾಗಬೇಕಾಗಿಲ್ಲ. ಆದರೆ ಇಬ್ಬರು ತಜ್ಞರು ಬೇರೆಬೇರೆ ಮಾತನ್ನು ಹೇಳಿದಾಗ ಯಾರ ಮಾತಿಗೆ ಆಧಾರವಿದೆಯೆಂದು ಕೇಳಲಾದರೂ ಬರಬೇಕಲ್ಲವೇ? ಇಬ್ಬರಿಗೂ ಸಮಸಮನಾಗಿ ಅರ್ಧರ್ಧ ಅಂಕಣ ಕೊಟ್ಟುಬಿಡುವುದು ನಿಷ್ಪಕ್ಷಪಾತವಲ್ಲ; ಎರಡು ಮತ್ತು ಎರಡು ನಾಲ್ಕು ಎನ್ನುವವನಿಗೂ ಐದು ಎನ್ನುವವನಿಗೂ ನಡುವೆ ನಿಂತು ನಾಲ್ಕೂವರೆ ಎಂದಂತಾಗುತ್ತದೆ. ಇಂಥದನ್ನು ಕಲಿತವರಿಗೆ ಕೆಲಸ ಎಲ್ಲಿ ಎಂಬುದು ಇನ್ನೊಂದು ಆಕ್ಷೇಪಣೆ. ಇದು ಹಗುರವಾದ ಪ್ರಶ್ನೆಯಲ್ಲ. ತಾಲ್ಲೂಕು ಸುದ್ದಿಗಾರರ ದುಡಿಮೆ ಹೆಚ್ಚು, ಸಂಪಾದನೆ ಕಡಮೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಸಂಖ್ಯೆಯನ್ನು ಓದಬಲ್ಲ, ವರದಿಯನ್ನು ಸಂಕ್ಷೇಪಿಸಬಲ್ಲ, ಕನ್ನಡದಲ್ಲಿ ತಿಳಿಯಾಗಿ ಬರೆಯಬಲ್ಲವನಿಗೆ ಪತ್ರಿಕೆಯೊಂದೇ ಬಾಗಿಲಲ್ಲ. ಆರೋಗ್ಯ, ಕೃಷಿ, ನೀರಾವರಿ ಇಲಾಖೆಗಳಿಗೂ, ಶಾಲೆಗಳಿಗೂ, ಸಮುದಾಯ ಬಾನುಲಿಗೂ ಅಂಥವರು ಬೇಕು. ಗುಂಡಿ ಒತ್ತುವುದನ್ನು ಮಾತ್ರ ಕಲಿತವನ ಕೆಲಸವನ್ನಾದರೋ ಈಗ ಯಂತ್ರವೇ ಮಾಡತೊಡಗಿದೆ.

ಹಣದ ಪ್ರಶ್ನೆ ಎಲ್ಲಕ್ಕಿಂತ ಚಿಕ್ಕದು. ಈ ತರಗತಿಗೆ ಹೊಸ ಕಟ್ಟಡ ಬೇಡ. ಪದವಿ ಕಾಲೇಜುಗಳಲ್ಲಿ ಭೌತವಿಜ್ಞಾನ, ರಸಾಯನ, ಅರ್ಥಶಾಸ್ತ್ರ, ಕನ್ನಡ ವಿಭಾಗಗಳು ಒಂದೇ ಅಂಗಳದ ಸುತ್ತ ಇವೆ. ನಡುವೆ ಇರುವುದು ಒಂದು ಗೋಡೆ, ಮತ್ತು ನೂರು ವರ್ಷದ ಸಂಕೋಚ. 1959ರಲ್ಲಿ ಕೇಂಬ್ರಿಜ್ಜಿನಲ್ಲಿ ಸಿ. ಪಿ. ಸ್ನೋ ಅವರು ಸಾಹಿತ್ಯದವರೂ ವಿಜ್ಞಾನದವರೂ ಪರಸ್ಪರ ಮಾತನಾಡದ ಎರಡು ಸಂಸ್ಕೃತಿಗಳಾಗಿದ್ದಾರೆಂದು ಎಚ್ಚರಿಸಿದರು. ಅಂದು ಅದು ವಿದ್ವಾಂಸರ ಚರ್ಚೆಯಾಗಿದ್ದಿತು. ಇಂದು, ಒಂದು ಸುಳ್ಳು ಗಳಿಗೆಯಲ್ಲಿ ಸಾವಿರ ಊರು ಸುತ್ತುವ ಕಾಲದಲ್ಲಿ, ಅದು ಜನರ ಪ್ರಾಣದ ಪ್ರಶ್ನೆ.

ಆದುದರಿಂದ ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಲಿಯು ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ವಾದ ತೀರಲೆಂದು ಕಾಯಬೇಕಾಗಿಲ್ಲ. ಜಿಲ್ಲೆಯ ಒಂದು ಕಾಲೇಜಿನಲ್ಲಿ, ಹನ್ನೆರಡು ಮಂದಿ ವಿದ್ಯಾರ್ಥಿಗಳಿಂದ, ಮೇಲಿನ ಇಪ್ಪತ್ತು ಕ್ರೆಡಿಟ್ಟುಗಳನ್ನು ಎರಡು ವರ್ಷ ನಡೆಸಿ ನೋಡಲಿ. ಹನ್ನೆರಡು ಊರುಗಳಲ್ಲಿ ಹನ್ನೆರಡು ಬರಹಗಳು ಹುಟ್ಟುತ್ತವೆ. ಅವನ್ನು ಆಯಾ ಊರಿನ ಪಂಚಾಯಿತಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಲಿ. ಕೇಳಿದವರು ತಮ್ಮ ಬಾವಿಯ ನೀರಿನ ವಿಷಯದಲ್ಲಿ ಮೊದಲಿಗಿಂತ ಹೆಚ್ಚು ತಿಳಿದವರಾಗಿ ಎದ್ದುಹೋದರೆ ಪ್ರಯೋಗ ಫಲಿಸಿತೆಂದು ತಿಳಿಯೋಣ. ಇಲ್ಲವಾದರೆ ಪಠ್ಯಕ್ರಮವನ್ನು ತಿದ್ದೋಣ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಅಷ್ಟೇ.